ಐದೂಕಾಲು ಸೆಂಟ್ಸ್

ಹನ್ನೊಂದು ವರ್ಷ ಈ ಜಾಗ ತುಳಿದಿದ್ದೇನೆ
ಯಾರನ್ನೂ ಕೇಳದೆ.
ವಾಮಂಜೂರು ದಾಟಿ ಮೂಡುಶೆಡ್ಡೆಗೆ ಹೋಗುವ ಬದಿಗೆ
ಫೆಲ್ಸಿ ಬಾಯಿಯ ಖಾಲಿ ಜಾಗ:
ಮುರಕಲ್ಲಿನ ತಟ್ಟು, ಕೇಪುಳದ ಪೊದೆ, ಒಂದು ಗೇರುಮರ.
ಕಾಲುಸಂಕ ಇಳಿದರೆ ಮೂಲೆಯಿಂದ ಮೂಲೆಗೆ
ಕಾಲುಗಳೇ ಗೀಚಿದ ಒಂದು ಗೆರೆ,
ನಡುವೆ ಅಡ್ಡ ಬಂದ ಗೇರಿನ ಬೇರು.

ಏಳು ಹದಿನೆಂಟರ ಬಸ್ಸಿಗೆ
ರಸ್ತೆಯಲ್ಲಿ ಸುತ್ತಿದರೆ ಒಂಬತ್ತು ನಿಮಿಷ,
ಗೆರೆಯಲ್ಲಿ ಹೋದರೆ ನಾಲ್ಕು.
ಉಳಿದ ಆ ಐದು ನಿಮಿಷದಲ್ಲಿ ನಾನು
ಮಲ್ಲಿಗೆ ಮುಡಿದಿದ್ದೇನೆ, ಎರಡನೇ ದೋಸೆ ತಿಂದಿದ್ದೇನೆ,
ಒಮ್ಮೆ ಅತ್ತಿದ್ದೇನೆ ಕೂಡ,
ಪೂರ್ತಿಯಾಗಿ, ಅವಸರವಿಲ್ಲದೆ.

ಬ್ರೋಕರ್ ಕುಸುಮಾಧರ ಒಂದು ಭಾನುವಾರ ಸ್ಕೂಟರ್ ನಿಲ್ಲಿಸಿ
ನನ್ನ ದಾರಿಯ ಮೇಲೆಯೇ ನಿಂತು ನನಗೆ ಜಾಗ ತೋರಿಸಿದ.
‘ಕನ್ವರ್ಷನ್ ಆಗಿದೆ. ನೈನ್ ಇಲೆವೆನ್ ಉಂಟು.
ನೀರು ಇಪ್ಪತ್ತೆಂಟು ಅಡಿಗೆ, ಉಪ್ಪಿಲ್ಲ.
ಪೂರ್ತಿ ಸೈಲೆಂಟ್ ಏರಿಯಾ ಮಾರಾಯ್ರೆ,
ರಾತ್ರಿ ಪಿಲಿಕುಳದ ಹುಲಿ ಕೂಗಿದರೆ ಕೇಳ್ತದೆ,
ಅದನ್ನು ರೇಟಿಗೆ ಸೇರಿಸಿಲ್ಲ.’

ನಾನು ನಗಲಿಲ್ಲ. ಲೆಕ್ಕ ಹಾಕುತ್ತಿದ್ದೆ:
ಪಿ.ಎಫ್. ಎಷ್ಟು, ಬಳೆ ಅಡವಿಟ್ಟರೆ ಎಷ್ಟು,
ಕಂಕನಾಡಿಯ ಮದ್ದಿನಂಗಡಿಯಲ್ಲಿ
ಇನ್ನೆಷ್ಟು ವರ್ಷ ನಿಂತು ಬಿಲ್ ಬರೆದರೆ
ಕೂರಲು ಒಂದು ಜಾಗ.

ರಿಜಿಸ್ಟ್ರಿಯ ದಿನ ಫೆಲ್ಸಿ ಬಾಯಿಯ ಹೆಬ್ಬೆರಳನ್ನು
ಯಂತ್ರ ಒಪ್ಪಲಿಲ್ಲ.
ಬೀಡಿ ಕಟ್ಟಿ ಕಟ್ಟಿ ಗೆರೆ ಸವೆದಿತ್ತು.
ಒರೆಸಿ, ಒತ್ತಿ, ಮತ್ತೆ ಒರೆಸಿ,
ನಾಲ್ಕನೇ ಸಲಕ್ಕೆ ಜಾಗ ನನ್ನದಾಯಿತು.
ಪತ್ರ ಬರೆಯುವವರು ಚಕ್ಕುಬಂದಿ ಓದಿದರು:
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮೊಯ್ದಿನಬ್ಬರ ಕಂಪೌಂಡು,
ದಕ್ಷಿಣಕ್ಕೆ ಇದೇ ಸರ್ವೆ ನಂಬರಿನ ಬಾಕಿ ಭಾಗ,
ಉತ್ತರಕ್ಕೆ ತೋಡು.
‘ನಡುವಿನ ದಾರಿ?’ ಎಂದೆ.
‘ಜಾಗಕ್ಕೆ ದಾರಿ ಉಂಟಲ್ಲ,’ ಎಂದರು,
‘ಜಾಗದೊಳಗೆ ಎಂತಕ್ಕೆ?’

ಕೆಳಗಿನ ಕ್ಯಾಂಟೀನಿನಲ್ಲಿ ಬಾಯಿ ಗೋಳಿಬಜೆ ಮುರಿಯುತ್ತಾ
‘ಏಪ್ರಿಲಿನಲ್ಲಿ ಬೀಜ ಹೆಕ್ಕಿಕೋ, ಮಂಗಗಳಿಗೆ ಬಿಡಬೇಡ’ ಎಂದರು.
ಮರ ಮಾರ್ಚಿನಲ್ಲೇ ಹೋಯಿತು.
ಜೆಸಿಬಿಗೆ ಒಂದೂವರೆ ಗಂಟೆಯ ಕೆಲಸ.
ಕೆಂಪು ಧೂಳು ಹೋಗಿ ಒಣಗಲು ಹಾಕಿದ ಬಟ್ಟೆಯ ಮೇಲೆ ಕೂತು
ಮೊಯ್ದಿನಬ್ಬರ ಸೊಸೆ ಎರಡು ದಿನ ಮಾತು ಬಿಟ್ಟಳು,
ಮೂರನೆಯ ದಿನ ಕೆಲಸದವರಿಗೆ ಚಾ ಕೊಟ್ಟು ಕಳಿಸಿದಳು.

ಸಾಲದ ಕೊನೆಯ ಕಂತಿಗೆ ಬ್ಯಾಂಕಿಗೆ ಫೋಟೋ ಬೇಕಿತ್ತು,
ನಾಲ್ಕೂ ಬದಿಯ ಗೋಡೆ ಕಾಣುವ ಹಾಗೆ.
ಕಟ್ಟಿಸಿದೆ.
ಮರುದಿನ ಬೆಳಿಗ್ಗೆ ಸಂಕದ ಮೇಲೆ
ನರ್ಸಿಂಗ್ ಹುಡುಗಿಯರಿಬ್ಬರು, ಪ್ರೆಸ್ಸಿನ ವಾಮನಣ್ಣ,
ಬುತ್ತಿಯ ಚೀಲ ಹಿಡಿದು ಹಸಿ ಸಿಮೆಂಟು ನೋಡುತ್ತಾ ನಿಂತರು.
ಯಾರೂ ಬೈಯಲಿಲ್ಲ.
ವಾಮನಣ್ಣ ಗೋಡೆ ತಟ್ಟಿ ನೋಡಿ
‘ಒಳ್ಳೆ ಮೇಸ್ತ್ರಿ’ ಎಂದು ತಿರುಗಿ ನಡೆದ.
ಬೈದಿದ್ದರೆ ಒಳ್ಳೆಯದಿತ್ತು.

ಈಗ ನನಗೆ ಗೇಟಿನಿಂದ ಸ್ಟಾಪಿಗೆ ಎರಡೇ ನಿಮಿಷ.
ಕಿಟಕಿಯ ಸೀಟೇ ಸಿಗುತ್ತದೆ.
ಅವರು ತಿರುವಿನಲ್ಲಿ ಓಡಿ ಬರುವುದು ಕಾಣುತ್ತದೆ.
ಕಂಡಕ್ಟರ್ ಬಸ್ಸಿನ ಬದಿ ಬಡಿದು
‘ರೈಟ್, ಪೋಯಿ’ ಎನ್ನುವ ಮುಂಚೆ
‘ಒಂದು ನಿಮಿಷ’ ಎನ್ನುತ್ತೇನೆ.
ಅಷ್ಟು ಮಾಡುತ್ತೇನೆ.

ರಾತ್ರಿ, ಕುಸುಮಾಧರ ಹೇಳಿದಂತೆ, ಸೈಲೆಂಟ್.
ಹುಲಿ ಇನ್ನೂ ಕೂಗಿಲ್ಲ.
ನೀರು ಕುಡಿಯಲು ಎದ್ದು, ದೀಪ ಹಾಕದೆ
ವಾಯುವ್ಯದ ಕೋಣೆಯಿಂದ ಆಗ್ನೇಯದ ಅಡುಗೆಮನೆಗೆ
ಹಾಲಿನಲ್ಲಿ ಓರೆಯಾಗಿ ನಡೆಯುವಾಗ
ಒಂದು ಕಡೆ ಬಲಗಾಲು
ತಾನಾಗಿಯೇ ತುಸು ಎತ್ತರಕ್ಕೆ ಏಳುತ್ತದೆ,
ಬೇರು ಇದ್ದಲ್ಲಿ.
ಹೊಸ ಟೈಲ್ಸ್, ಮಟ್ಟಗೋಲು ಹಿಡಿದು ಹಾಕಿಸಿದ್ದು.
ಅಲ್ಲಿ ಎಡವಲು ಏನೂ ಇಲ್ಲ.