ಮಾಹಿತಿ ಸಾಲದು

ಚಳ್ಳಕೆರೆ ದಾಟಿ, ಕಾವಲಿನ ಹುಲ್ಲಿನಲ್ಲಿ
ಮೊಣಕಾಲೂರಿ ಎಣಿಸಿದೆ: ಹದಿನೇಳು.
ಗೇಣುದ್ದ ಗಿಡ,
ಬುಡ್ಡಿ ದೀಪದ ಗಾಜಿನಂಥ ಹೂವು,
ಒಳಗೆ ನವಿರು ಕೂದಲು.
ಹೊಕ್ಕ ನೊಣವನ್ನು ಒಂದಿರುಳು ಕೂಡಿಹಾಕಿ
ಬೆಳಗಾದರೆ ತಾನೇ ಕದ ತೆಗೆಯುತ್ತದೆ.

ಕುರಿ ತರುಬಿ ಬಂದ ಕ್ಯಾತಮ್ಮ ಇಣುಕಿದಳು.
"ಇದಾ? ಇದರ ಗೆಡ್ಡೆ ತಿಂತಿದ್ವಿ ಕಣಪ್ಪ,
ಸೆರಗಿಗೆ ಮಣ್ಣು ಒರೆಸಿ, ಹಸೀದೇ.
ಎಳೇ ಸೌತೆಕಾಯಂಗಿರೋದು.
ಒಂದು ಚೂರು ಕುಣಿಗೇ ಹಾಕಿ ಮುಚ್ತಿದ್ವಿ,
ಇಲ್ಲಾಂದ್ರೆ ಅವ್ವ ಬೈಯೋಳು."
ಎಷ್ಟು ತಿಂದಿರಬಹುದು, ಅಂದೆ.
ನಕ್ಕಳು. "ಹಸಿದಷ್ಟು."

ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ಇರುವುದು ಅಕ್ಷಾಂಶ, ರೇಖಾಂಶ, ಮಣ್ಣಿನ ಬಣ್ಣ,
ಬೇಲಿ ಎಷ್ಟು ದೂರ
(ನಲವತ್ತು ಹೆಜ್ಜೆ. ಹೋದ ವರ್ಷ ಇನ್ನೂರು),
ಕೊನೆಗೆ, ಯಾವುದಾದರೊಂದಕ್ಕೆ ಗುರುತು ಹಾಕಿ:
ಅಳಿದಿದೆ. ಅಳಿವಿನಂಚಿನಲ್ಲಿದೆ.
ಚಿಂತೆಯಿಲ್ಲ. ಮಾಹಿತಿ ಸಾಲದು.

ನಿಮ್ಮ ಹಟ್ಟಿಯಲ್ಲಿ ಇದಕ್ಕೆ ಏನಂತಾರೆ?
ಕ್ಯಾತಮ್ಮ ಕುರಿಗಳ ಕಡೆ ನೋಡಿದಳು,
ಅವಕ್ಕಾದರೂ ನೆನಪಿದೆಯೇನೋ ಎಂಬಂತೆ.
"ಅವ್ವ ಏನೋ ಅನ್ನೋಳು.
ಬಾಯಾಗೈತೆ, ಬರವಲ್ದು."

ರಾತ್ರಿ ಲಾಡ್ಜಿನಲ್ಲಿ ಚೀಲ ಬಿಚ್ಚಿದೆ.
ಹಳೇ ಪೇಪರಿನ ಮಡಿಕೆಯಲ್ಲಿ,
ಸೀರೆ ಅಂಗಡಿಯ ಜಾಹೀರಾತಿನ ಮೇಲೆ,
ಬೇರು ಗೆಡ್ಡೆ ಸಮೇತ ಒಂದು.
ನಿಯಮದಂತೆ, ಸಾಕ್ಷಿಗೆಂದು,
ನಾನೇ ಕಿತ್ತದ್ದು.
ಕುಣಿಗೆ ಏನೂ ಹಾಕಿ ಬಂದಿಲ್ಲ.
ನೊಣವೊಂದು ಇನ್ನೂ ಒಳಗಿತ್ತು.

ಪೆನ್ನು ಹಿಡಿದು ಕೂತಿದ್ದೇನೆ.
ಹದಿನೇಳು ಅನ್ನಲೇ,
ಹದಿನಾರೇ.