ಎಣಿಕೆ

ಪುರ್ಸು ತಾಂಡೇಲ ಹನ್ನೊಂದು ವರ್ಷ
ನೈಜರ್ ಹೊಳೆಯ ಡ್ರೆಜ್ಜರಿನಲ್ಲಿ ಇಂಜಿನ್ ನೋಡಿಕೊಂಡವನು.
ಊರಿಗೆ ಬಂದಾಗೆಲ್ಲ ಅವನ ಬಾಯಲ್ಲಿ ಒಂದು ಮೊಸಳೆ:
ಬಾಯಿ ತೆರೆದು ಬಿಸಿಲಿಗೆ ಮಲಗಿತ್ತಂತೆ,
ಗೇಣುದ್ದದ ಹಕ್ಕಿಯೊಂದು ಒಳಗೆ ಹೋಗಿ
ಹಲ್ಲುಸಂದಿಯ ಮಾಂಸ ಹೆಕ್ಕಿ
ಹೋದ ಹಾಗೇ ನಡೆದು ಬಂತಂತೆ.
ಕೋಡಿಬಾಗದ ಮಕ್ಕಳು ಅಂಗೈಗಳನ್ನೇ ದವಡೆ ಮಾಡಿ
ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಿದ್ದರು.
ನಾನೂ ನಂಬಿದ್ದೆ.
ದಾಂಡೇಲಿಯಲ್ಲಿ ನಮ್ಮ ಕಾಳಿಗೂ ಮೊಸಳೆಗಳಿವೆ,
ಅವುಗಳ ಹಲ್ಲು ಯಾರು ನೋಡುತ್ತಾರೋ ಎಂದುಕೊಂಡಿದ್ದೆ.

ಮೊನ್ನೆ ಇಳಿತದ ಹೊತ್ತು
ಮೊಣಕಾಲುದ್ದ ನೀರಲ್ಲಿ ಬಳಚು ಹೆಕ್ಕುತ್ತಿದ್ದೆ.
ದೋಣಿಯ ಅಂಚಿಗೆ ಕೂತು ಬೀಡಿ ಹಚ್ಚಿದವನು
ಕೇಳದೆಯೇ ಹೇಳಿದ:

"ಮೊಸಳೆ ಬಾಯಿ ಸುಳ್ಳು, ಶೇವಂತಿ. ನಾನು ಕಂಡಿಲ್ಲ.
ಹಕ್ಕಿ ಮಾತ್ರ ನಿಜ.
ಕಣ್ಣಿಗೆ ಕಾಡಿಗೆಯ ಪಟ್ಟಿ, ಬೆನ್ನು ಬೂದಿ,
ಹೊಟ್ಟೆ ನಮ್ಮ ಗೇರುಹಣ್ಣಿನ ಹಳದಿ.
ಮೊಟ್ಟೆಯನ್ನು ಮರಳಲ್ಲಿ ಹೂಳುತ್ತದೆ.
ಬಿಸಿಲೇರಿದರೆ ಹೊಳೆಗೆ ಓಡಿ
ಹೊಟ್ಟೆ ಅದ್ದಿ, ಓಡಿ ಬಂದು
ಆ ಮರಳ ಮೇಲೆ ಕೂರುತ್ತದೆ.
ಆರಿತೋ, ಮತ್ತೆ ಓಟ.
ಒಂದು ಮಧ್ಯಾಹ್ನ ಎಣಿಸಿದೆ,
ನಲವತ್ತರ ಮೇಲೆ ಲೆಕ್ಕ ತಪ್ಪಿತು."

"ಆಮೇಲೆ?"

"ಆಮೇಲೇನು. ಆ ದಿಬ್ಬ, ನಕ್ಷೆಯಲ್ಲಿ,
ಹಡಗಿನ ದಾರಿಗೆ ಅಡ್ಡ ಇತ್ತು.
ಇಂಜಿನ್ ಶುರು ಮಾಡುವುದು ನನ್ನ ಕೆಲಸ."

ಬೀಡಿ ಆರಿಹೋಗಿತ್ತು. ಅದನ್ನೇ ಎಳೆಯುತ್ತಿದ್ದ.
ಇಷ್ಟು ವರ್ಷ ಅವನು ಹೇಳಿದ ಕತೆಯಲ್ಲಿ
ಮೊಸಳೆ ಒಂದು ಸಲವೂ ಬಾಯಿ ಮುಚ್ಚಿರಲಿಲ್ಲ.

ನಮ್ಮ ದಿಬ್ಬದಲ್ಲೂ ಒಂದಿದೆ. ಹೆಸರು ನನಗೆ ತಿಳಿಯದು.
ಮರಳಿನದೇ ಬಣ್ಣ; ಓಡಿದರೆ ಇದೆ, ನಿಂತರೆ ಇಲ್ಲ.
ನನ್ನನ್ನು ಕಂಡು ರೆಕ್ಕೆ ಮುರಿದವಳಂತೆ
ಕುಂಟುತ್ತ ಅತ್ತ ಕರೆಯಿತು.
ಬಾ ಎಂದಲ್ಲಿಗೇ ಹೋದೆ, ಮೋಸಹೋದವಳ ಹಾಗೆ,
ಬಳಚಿನ ಬುಟ್ಟಿ ಸೊಂಟದಲ್ಲಿ,
ಸೀರೆಯಂಚಿನಿಂದ ಉಪ್ಪುನೀರು ಹನಿಯುತ್ತ.
ಸೇತುವೆಯ ಆಚೆ ಮರಳು ತುಂಬುವ ದೋಣಿಗಳು
ಒಂದರ ಹಿಂದೊಂದು ಬಾಗಿ ನಿಂತಿದ್ದವು.

ತಿರುಗಿ ನೋಡಿದರೆ ಹಕ್ಕಿ ನೀರಿನ ಕಡೆ ಓಡುತ್ತಿತ್ತು.
ಹೊಟ್ಟೆ ಅದ್ದಿತೋ, ಹುಳು ಹೆಕ್ಕಿತೋ,
ಅಷ್ಟು ದೂರಕ್ಕೆ ನನ್ನ ಕಣ್ಣು ಸಾಲದು.
ಪುರ್ಸುವಿಗೆ ಕಂಡಿತೇನೋ.
ನನ್ನೊಡನೆ ಕನ್ನಡ ಆಡುವವನು
ಲೆಕ್ಕವನ್ನು ಮಾತ್ರ ಕೊಂಕಣಿಯಲ್ಲಿ ಮಾಡುತ್ತಾನೆ.
ದೋಣಿಯಿಂದ, ತನ್ನಷ್ಟಕ್ಕೆ:
ಏಕ್,
ದೋನ್,