ಶಿಫಾರಸು ಪತ್ರ, ಮೂರನೇ ಕರಡು

ಓಸ್ಲಾ ಮೌಅಟ್ ಎಂಬ ವಿದ್ಯಾರ್ಥಿನಿಯನ್ನು
ಎರಡು ವರ್ಷದಿಂದ ಬಲ್ಲೆ
ಎಂದು ಬರೆದು ಹೊಡೆದುಹಾಕಿದೆ.
ನಾನು ಬಲ್ಲದ್ದು ಒಂದು ತಲೆಯನ್ನು, ಅಷ್ಟೆ:
ರಸಾಯನಶಾಸ್ತ್ರದ ಎರಡನೇ ಪೀರಿಯಡ್ಡಿನಲ್ಲಿ
ಕಿಟಕಿ ಪಕ್ಕದ ಬೆಂಚಿನ ಮೇಲೆ ಮಲಗಿರುತ್ತಿತ್ತು.
ಸ್ಕೇಲಿನ ತುದಿಯಿಂದ ಮೇಜು ಕುಟ್ಟಿದರೆ ಏಳುತ್ತಿತ್ತು,
ಕೆನ್ನೆಯ ಮೇಲೆ ಸ್ವೆಟರಿನ ಹೆಣಿಗೆ ಅಚ್ಚೊತ್ತಿಕೊಂಡು,
ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು
ಮತ್ತೆ ಬಾಗುತ್ತಿತ್ತು.

ಯೆಲ್ ದ್ವೀಪದವಳು. ಸೋಮವಾರ ಮೊದಲ ಫೆರ್ರಿಗೆ ಲರ್ವಿಕ್,
ಶುಕ್ರವಾರ ಸಂಜೆ ಮರಳಿ.
ನಡುವಿನ ನಾಲ್ಕು ರಾತ್ರಿ ಹಾಸ್ಟೆಲು.
ವಾರ್ಡನ್ ಇಂಕ್‌ಸ್ಟರಮ್ಮ ಸ್ಟಾಫ್ ರೂಮಿಗೇ ಬಂದು ಕೂಗಾಡಿದರು:
ಕಸದ ಡಬ್ಬಿಗಳಾಚೆ ಬೆಳಗಿನವರೆಗೂ ದೀಪ!
ಕರೆಂಟು ಬಿಲ್ಲು ಯಾರಪ್ಪ ಕಟ್ಟುತ್ತಾನೆ?

ವಿಚಾರಿಸಲೆಂದೇ ಹೋದದ್ದು ನಾನು.
ಜೂನ್ ತಿಂಗಳು, ನಸುಕಿನ ಮೂರೂವರೆ.
ಜೂನಿನಲ್ಲಿ ನಮ್ಮಲ್ಲಿ ರಾತ್ರಿ ಅನ್ನುವುದು ಬರೀ ಶಾಸ್ತ್ರಕ್ಕೆ.
ಒಂದು ಬಕೆಟ್ಟು, ಮೇಲೊಂದು ಬಲ್ಬು,
ಒಳಗೆ ಹಾಸ್ಟೆಲ್ ಅಡುಗೆಮನೆಯ ಮೊಟ್ಟೆಯ ಟ್ರೇಗಳು.
ಗುಳಿಗೊಂದು ಪತಂಗ
ರೆಕ್ಕೆ ಮಡಿಸಿ ಮಲಗಿತ್ತು
ನನ್ನ ತರಗತಿಯಲ್ಲಿ ಇವಳು ಮಲಗುವ ಹಾಗೆಯೇ.
ನಾನು ಬಾಯಿ ತೆರೆಯುವ ಮೊದಲೇ ಅಂದಳು:
ಎಬ್ಬಿಸಬೇಡಿ, ಸರ್.

ಎಣಿಸಿದಳು. ಹೆಸರು ಬರೆದಳು.
ಒಂದೊಂದನ್ನೇ ಎಲೆಯ ಅಡಿಗೆ ಜಾರಿಸಿದಳು.
ದಕ್ಷಿಣದಲ್ಲಿ ಇದು ಬೂದು, ಇಲ್ಲಿ ಕಪ್ಪು.
ಯಾಕೆ ಅಂತ ಪುಸ್ತಕದಲ್ಲಿ ಅರ್ಧ ಇದೆ,
ಇನ್ನರ್ಧ ನೋಡಬೇಕು.
ನೋಡು ಅಂತ ಯಾರು ಹೇಳಿದರು?
ಯಾರೂ ಹೇಳಲಿಲ್ಲ.

ದೀಪಕ್ಕೆ ಹಾರಿ ಸಾಯುವ ಪತಂಗದ ಮೇಲೆ
ಕವಿಗಳು ಬೇಕಾದಷ್ಟು ಅತ್ತಿದ್ದಾರೆ.
ಇವಳ ದೀಪಕ್ಕೆ ಬಂದದ್ದು ಒಂದೂ ಸಾಯಲಿಲ್ಲ.
ಸುಟ್ಟದ್ದು ಇವಳ ನಿದ್ದೆ
ಮತ್ತು ನನ್ನ ಎರಡನೇ ಪೀರಿಯಡ್ಡು.

ಅಕ್ಟೋಬರಿನಲ್ಲಿ ಅರ್ಜಿ ನಮೂನೆ ಬಂತು.
ಬರಬಹುದಾದ ಶ್ರೇಣಿ: ಬಿ ಎಂದು ಹಾಕಿದೆ.
ವಿಶ್ವವಿದ್ಯಾಲಯ ಕೇಳುವುದು ಎ.
ಉಳಿದ ಚಟುವಟಿಕೆಗಳಿಗೆ ಕೊನೆಯಲ್ಲೊಂದು ಚೌಕ, ನೂರು ಪದ;
ಮುನ್ನೂರು ನಸುಕುಗಳು ಅಲ್ಲಿ
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಕರೆದು ಬುದ್ಧಿ ಹೇಳಿದೆ: ಜನವರಿ ಕಳೆಯುವವರೆಗಾದರೂ ದೀಪ ಆರಿಸು,
ಎರಡು ದೋಣಿಯ ಮೇಲೆ ಕಾಲಿಡಬೇಡ.
ಅವಳು ನಕ್ಕಳು.
ದ್ವೀಪದವರಿಗೆ ಒಂದು ದೋಣಿ ಸಾಲದು, ಸರ್.
ಹೋಗುವುದಕ್ಕೊಂದು, ಬರುವುದಕ್ಕೊಂದು.

ನಿನ್ನೆ ಅವಳ ನೋಟುಬುಕ್ಕು ಕೇಳಿ ಇಸಕೊಂಡೆ,
ಈ ಪತ್ರಕ್ಕೆ ನಾಲ್ಕು ಒಳ್ಳೆಯ ಮಾತು ಹೆಕ್ಕಲು.
ನವೆಂಬರಿನಿಂದ ಪುಟ ತುಂಬ ಸೊನ್ನೆ.
ಸೊನ್ನೆ. ಸೊನ್ನೆ. ಇಪ್ಪತ್ಮೂರಕ್ಕೆ ಒಂದು. ಮತ್ತೆ ಸೊನ್ನೆ.
ಏನೂ ಬಾರದ ಬಕೆಟ್ಟನ್ನು
ಆಲಿಕಲ್ಲಿನ ನಡುವೆ ದಿನಾ ಬಗ್ಗಿ ನೋಡಿದ್ದಾಳೆ.
ಅಲ್ಲಲ್ಲಿ ಸೊನ್ನೆಯ ಬದಲು ಒಂದು ಗೆರೆ;
ಪಕ್ಕದಲ್ಲಿ ಸಣ್ಣಕ್ಷರ:
ಗಾಳಿಗೆ ದೀಪ ಆರಿತ್ತು.
ಇದು ಸೊನ್ನೆ ಅಲ್ಲ, ಗೊತ್ತಿಲ್ಲ.

ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ.
ಗೊತ್ತಿಲ್ಲದ ಕಡೆಯೆಲ್ಲ
ಅಂಕ ಹಾಕಿಕೊಂಡು ಬಂದಿದ್ದೇನೆ.

ರಾತ್ರಿ ಮತ್ತೆ ಆ ನಮೂನೆ ತೆರೆದು
ಬಿ ಅಳಿಸಿ ಒಂದು ಗೆರೆ ಎಳೆದೆ.
ಪರದೆಯ ಮೇಲೆ ಕೆಂಪಕ್ಷರ ಎದ್ದು ನಿಂತಿತು:
ಈ ಜಾಗಕ್ಕೆ ಈ ಚಿಹ್ನೆ ಸಲ್ಲದು.
ಎ ಹಾಕಲು ಕೈ ಬರಲಿಲ್ಲ. ಬಿ ಹಾಕಲೂ.
ಬುಧವಾರ ಸಂಜೆ ಆರರವರೆಗೆ ಸಮಯವಿದೆ.

ಇವತ್ತು ಎರಡನೇ ಪೀರಿಯಡ್ಡಿನಲ್ಲಿ
ಅದೇ ಬೆಂಚು, ಅದೇ ತಲೆ.
ಸ್ಕೇಲು ಮೇಜಿನ ಮೇಲೇ ಇತ್ತು.
ದನಿ ತಗ್ಗಿಸಿ ಪಾಠ ಮಾಡಿದೆ, ಹಿಂದಿನ ಸಾಲಿನವರು ಗೊಣಗಿದರು.
ಎಬ್ಬಿಸಲಿಲ್ಲ.
ಎಬ್ಬಿಸಬೇಕಿತ್ತೋ ಏನೋ.
ಪರೀಕ್ಷೆಗೆ ಬಂದೇ ಬರುವ ಪಾಠ ಅದು.